ಹೆಡ್‌ಮಾಸ್ತರರ ಮ್ಯೂಸಿಯಂ

ಭಾನುವಾರ ಸಂಜೆ ಮಗಳು ಅಂಗಳದಲ್ಲಿ ಕೂತು ಕ್ಯಾನ್ವಾಸ್ ಬೂಟಿಗೆ ಬಿಳಿ ಪಾಲಿಶ್ ಬಳಿಯುತ್ತಿದ್ದಳು. ಮರುದಿನ ಅವರ ಶಾಲೆಯವರು ಮಕ್ಕಳನ್ನು ರಾಯಚೂರಿನ ಮ್ಯೂಸಿಯಂ ನೋಡಲು ಕರೆದುಕೊಂಡು ಹೋಗುವವರಿದ್ದರು. ಹಸಿ ಸೀಮೆಸುಣ್ಣವನ್ನೂ ಗೋಡೆಗೆ ಹೊಡೆಯುವ ಸುಣ್ಣವನ್ನೂ ಕಲಸಿದಂಥ ಆ ತಣ್ಣನೆಯ ವಾಸನೆ ಅಡುಗೆಮನೆಯವರೆಗೆ ಬಂತು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಬೇರೆಯವರಿಗೆ ಇಂಥ ವಾಸನೆಗಳಿಂದ ಬಾಲ್ಯದ ಸವಿನೆನಪುಗಳು ಬರುತ್ತವಂತೆ. ನನಗೆ ಬಂದದ್ದು ನಮ್ಮ ಹೆಡ್‌ಮಾಸ್ತರರ ನೆನಪು. ಅದರಲ್ಲಿ ಸವಿ ಅನ್ನುವುದು ಹುಡುಕಿದರೂ ಸಿಗುವುದಿಲ್ಲ.

ಅವರು ತೀರಿಕೊಂಡು ಬಹಳ ದಿನವಾಗಿಲ್ಲ. ಹಳೆಯ ವಿದ್ಯಾರ್ಥಿಗಳು ಕೂಡಿ ಅವರ ನೆನಪಿಗೊಂದು ಪುಸ್ತಕ ತರುತ್ತಾರಂತೆ. ನಾನೂ ಈಗ ಯರಗೇರಾ ಕಡೆಯ ಒಂದು ಶಾಲೆಯಲ್ಲಿ ಪಾಠ ಮಾಡುವವಳಾದ್ದರಿಂದ ನನ್ನದೂ ಒಂದು ಲೇಖನ ಇರಲಿ ಎಂದು ಫೋನ್ ಮಾಡಿದ್ದರು. "ಶಿಸ್ತಿನ ಸಿಪಾಯಿ ಅಂತ ಹೆಸರಿಟ್ಟೀವ್ರಿ ಮೇಡಂ, ನೀವೂ ನಾಕು ಛಲೋ ಮಾತು ಬರೀರಿ" ಎಂದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ಹಿರಿಯರು ಹೇಳುತ್ತಾರೆ. ಬದುಕಿದ್ದಾಗ ಆಡೋಣವೆಂದರೆ ಅವರ ಕೈಯಲ್ಲಿ ಬೆತ್ತವಿತ್ತು. ಮತ್ತೆ ಯಾವಾಗ ಆಡಬೇಕು?

ಆಗ ನಾನು ಮಲ್ಲಟದ ಶಾಲೆಯಲ್ಲಿ ಆರನೆಯ ತರಗತಿಯಲ್ಲಿದ್ದೆ. ಹೆಡ್‌ಮಾಸ್ತರರ ಮನೆ ರಾಯಚೂರಿನಲ್ಲಿ. ದಿನಾ ಬಸ್ಸಿಗೆ ಬರುವುದು, ಬಸ್ಸಿಗೆ ಹೋಗುವುದು. ಬಸ್ಸಿಳಿದ ಕೂಡಲೇ ಕಿಸೆಯಿಂದ ಕರವಸ್ತ್ರ ತೆಗೆದು ಬೂಟು, ಪ್ಯಾಂಟು, ಕಡೆಗೆ ಹುಬ್ಬನ್ನು ಸಹ ಒರೆಸಿಕೊಳ್ಳುತ್ತಿದ್ದರು. ನಮ್ಮೂರಿನ ಧೂಳು ಒಂದು ಮಾತೂ ಕೇಳದೆ ತಮ್ಮ ಮೈಮೇಲೆ ಕೂತಿತಲ್ಲ ಎಂಬ ಸಿಟ್ಟು ಆ ಒರೆಸುವುದರಲ್ಲಿ ಇರುತ್ತಿತ್ತು. ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಹಿತ್ತಾಳೆಯ ಸೀಟಿ. ಅವರು ಕಲಿಸುವುದು ಇತಿಹಾಸ ಎಂದು ಗೋಡೆಯ ಮೇಲಿನ ವೇಳಾಪಟ್ಟಿ ಹೇಳುತ್ತಿತ್ತು. ನಮಗೆ ಕಲಿಸಿದ್ದು ಮಾತ್ರ ಸಾಲು. ಪ್ರಾರ್ಥನೆಗೆ ಸಾಲು, ನೀರಿಗೆ ಸಾಲು, ಒಂದಕ್ಕೆ ಹೋಗಬೇಕಾದರೂ ಸಾಲು. ಅವರಿಗಿದ್ದದ್ದು ಒಂದೇ ಆಸೆ, ರಾಯಚೂರಿಗೆ ವರ್ಗವಾಗಬೇಕು. ಅದನ್ನೇನು ಅವರು ಮುಚ್ಚಿಡುತ್ತಿರಲಿಲ್ಲ. "ಈ ಊರಾಗ ನನ್ನ ಆಯುಷ್ಯ ಮಣ್ಣಾಗಾಕತ್ತದ" ಎಂದು ಮಕ್ಕಳೆದುರಿಗೇ ನಿಟ್ಟುಸಿರು ಬಿಡುತ್ತಿದ್ದರು. ಅಲ್ಲಿ ನಮ್ಮ ಆಯುಷ್ಯವೂ ಕಳೆಯುತ್ತಿದೆ ಎಂಬುದು ಅವರ ತಲೆಗೆ ಹೋಗಿರಲಿಕ್ಕಿಲ್ಲ.

ಆ ವರ್ಷ ಚಳಿಗಾಲ ಸುರುವಾಗುವ ಹೊತ್ತಿಗೆ ಸುದ್ದಿ ಬಂತು. ಹಳ್ಳಿಯ ಮಕ್ಕಳನ್ನು ರಾಯಚೂರಿನ ಮ್ಯೂಸಿಯಂಗೆ ಕರೆತಂದು ತೋರಿಸಬೇಕು, ನಮ್ಮ ಶಾಲೆಯ ಸರದಿಯ ದಿನ ದೊಡ್ಡ ಸಾಹೇಬರೊಬ್ಬರು ಖುದ್ದಾಗಿ ಅಲ್ಲಿಗೆ ಬರುತ್ತಾರೆ ಎಂದು. ಈ ಮಾತಿನಲ್ಲಿ ಮಕ್ಕಳು, ಮ್ಯೂಸಿಯಂ, ತೋರಿಸುವುದು ಯಾವುದೂ ಹೆಡ್‌ಮಾಸ್ತರರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಬಿದ್ದದ್ದು ಸಾಹೇಬರು ಒಬ್ಬರೇ. ಮರುದಿನದಿಂದಲೇ ತಯಾರಿ ಹೂಡಿದರು.

ಶಾಲೆಯ ಪಡಸಾಲೆಯಲ್ಲಿ ಒಂದು ಮ್ಯೂಸಿಯಂ ಎದ್ದಿತು. ಬೆಂಚುಗಳನ್ನು ಗೋಡೆಗುಂಟ ಇಡಿಸಿ ಅವುಗಳ ಮೇಲೆ ಶಾಲೆಯಲ್ಲಿದ್ದ ಅಷ್ಟೂ ಸಾಮಾನು ಜೋಡಿಸಿದರು. ಹೊಟ್ಟೆ ಒಳಗೆ ಹೋದ ಭೂಗೋಳ, ತೂಕದ ಕಲ್ಲು, ಯಾವ ಕಾಲದಲ್ಲೋ ಕಬಡ್ಡಿಯಲ್ಲಿ ಗೆದ್ದ ಕಪ್ಪು, ನಾಲಿಗೆ ಕಳಚಿದ ಗಂಟೆ. ಒಂದು ಬಾಟಲಿಯಲ್ಲಿ ಕರಿ ಚೇಳೊಂದನ್ನು ಔಷಧದಲ್ಲಿ ಮುಳುಗಿಸಿ ಇಟ್ಟಿದ್ದರು. ಇಡೀ ಶಾಲೆಯಲ್ಲಿ ನಿಂತು ನೋಡಬೇಕೆನಿಸುವ ವಸ್ತು ಅದೊಂದೇ. ಅದನ್ನು ಮಾತ್ರ "ಅಸಹ್ಯ" ಎಂದು ತೆಗೆಸಿ ಒಳಗಿಡಿಸಿದರು.

ಆಮೇಲೆ ಈ ಬೆಂಚುಗಳ ಮುಂದೆ ನಡೆಯುವ ಅಭ್ಯಾಸ. ಕೈ ಬೆನ್ನ ಹಿಂದೆ. ಒಂದು ಸೀಟಿ ಊದಿದರೆ ನಡೆಯಬೇಕು, ಎರಡು ಊದಿದರೆ ನಿಲ್ಲಬೇಕು, ಉದ್ದಕ್ಕೆ ಊದಿದರೆ ಎಲ್ಲರೂ ಒಟ್ಟಿಗೆ ತಲೆಯಾಡಿಸಬೇಕು. ತಲೆಯಾಡಿಸುವುದು ಯಾಕೆಂದರೆ, ಕಂಡ ವಸ್ತುವಿಗೆ ನಾವು ಬೆರಗಾಗಿದ್ದೇವೆ ಎಂದು ಸಾಹೇಬರಿಗೆ ತಿಳಿಯಬೇಕಲ್ಲ, ಅದಕ್ಕೆ. "ಅಲ್ಲಿ ಹೋಗಿ ಹಳ್ಳಿ ಬುದ್ಧಿ ತೋರಿಸಬ್ಯಾಡ್ರಿ. ಬಾಯಿ ತೆಗಿಯಾಂಗಿಲ್ಲ, ಬಟ್ಟು ಮಾಡಿ ತೋರಿಸಾಂಗಿಲ್ಲ, ಕುತಿಗಿ ತಿರುವಾಂಗಿಲ್ಲ. ಮುಂದಿನವರ ಹೆಡಕು ನೋಡಿಕೋತ ನಡೀಬೇಕು" ಎಂದು ದಿನಾ ಹೇಳುತ್ತಿದ್ದರು. ಮ್ಯೂಸಿಯಂ ನೋಡುವುದಕ್ಕೆ ಹೊರಟವರಿಗೆ ಮುಂದಿನವರ ಹಿಂಗತ್ತು ನೋಡುವ ತರಬೇತಿ! ಹೊಟ್ಟೆ ತಗ್ಗಿದ ಆ ಭೂಗೋಳದ ಮುಂದೆ ನಿಂತು ಉದ್ದ ಸೀಟಿಗೆ ತಲೆಯಾಡಿಸಿ ಆಡಿಸಿ ನಮ್ಮ ಕುತ್ತಿಗೆ ಹಿಡಿದುಕೊಂಡವು. ಸಂತೆಯಲ್ಲಿ ಕೋಲೆ ಬಸವಣ್ಣ ತಲೆಯಾಡಿಸಿದರೆ ಅದಕ್ಕೆ ಹಿಡಿ ಮೇವಾದರೂ ಸಿಗುತ್ತಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಹೋಗಿ ಬಂದ ಮೇಲೆ ಬರೆಯಬೇಕಾದ ಪ್ರಬಂಧವನ್ನು ಹೋಗುವ ಮೊದಲೇ ಬರೆಸಿದರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಇದು ಅದಕ್ಕೂ ಮೇಲು. ಕೂಸಿನ ಮದುವೆಯ ಫೋಟೋವನ್ನೇ ತೆಗೆಸಿದಂತಿತ್ತು. ಕರಿಹಲಗೆಯ ಮೇಲೆ ಅವರು ಬರೆದರು, ನಾವು ಇಳಿಸಿಕೊಂಡೆವು: "ನಾವೆಲ್ಲರೂ ವಸ್ತುಸಂಗ್ರಹಾಲಯಕ್ಕೆ ಹೋಗಿ ಬಂದೆವು. ಅಲ್ಲಿ ಚಿನ್ನದ ಸಿಂಹಾಸನವನ್ನೂ ರಾಜರ ಖಡ್ಗಗಳನ್ನೂ ಕಂಡು ಪುಳಕಿತರಾದೆವು." ಪುಳಕಿತ ಅಂದರೆ ಏನು ಸರ ಎಂದು ಒಬ್ಬಳು ಕೇಳಿದಳು. ಒಂದು ಕ್ಷಣವೂ ತಡೆಯದೆ, "ಊಟ ಆದಮ್ಯಾಲ ಹೊಟ್ಟಿ ತಣ್ಣಗಾಗತದಲ್ಲ, ಹಂಗ" ಎಂದರು. ನಾನು ಟೀಚರ್ ತರಬೇತಿಗೆ ಸೇರುವವರೆಗೂ ಹೋಳಿಗೆ ಉಂಡಾಗಲೆಲ್ಲ ಪುಳಕಿತಳಾಗುತ್ತಿದ್ದೆ. ಅಲ್ಲಿ ನಿಜವಾಗಿಯೂ ಚಿನ್ನದ ಸಿಂಹಾಸನ ಅದೇನ್ರಿ ಎಂದು ಇನ್ನೊಬ್ಬರು ಕೇಳಿದರೆ, "ಅದ, ಅದ. ನಾ ಎಷ್ಟ ಸಲ ನೋಡೀನಿ" ಎಂದರು. ಅವರು ಆ ಮ್ಯೂಸಿಯಂನ ಬಾಗಿಲನ್ನು ಒಂದು ಸಲವೂ ದಾಟಿರಲಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಎಲ್ಲರೂ ಬಿಳಿ ಬೂಟು ಹಾಕಿಕೊಂಡು ಬರಬೇಕು ಎಂದು ಹುಕುಂ ಆಯಿತು. ನಮ್ಮ ಕಾಲಿಗೆ ಚಪ್ಪಲಿ ಇದ್ದರೇ ಹೆಚ್ಚು. ಮಾನ್ವಿ ಸಂತೆಯಿಂದ ಅಪ್ಪ ತಂದ ಬೂಟು ನನ್ನ ಕಾಲಿಗೆ ದೊಡ್ಡದಾಗಿ, ಅವ್ವ ಮುಂದಕ್ಕೆ ಹತ್ತಿ ತುರುಕಿ ಕೊಟ್ಟಳು. ಹೊರಡುವ ಹಿಂದಿನ ಸಂಜೆ ಅಂಗಳದಲ್ಲಿ ಕೂತು ಅವಕ್ಕೆ ಬಿಳಿ ಬಳಿಯುತ್ತಿದ್ದೆ. ಆಗ ಅಜ್ಜಿ ಬಂದು ಪಕ್ಕದಲ್ಲಿ ಕೂತಳು.

ಅಜ್ಜಿಯ ಮಾತು ಹೇಳುವ ಮೊದಲು ಕುದುರಿ ಮುತ್ಯಾನ ವಿಷಯ ಹೇಳಬೇಕು. ನಮ್ಮ ಹೊಲದ ಬದುವಿನಲ್ಲಿ ಎದೆಮಟ್ಟ ಎತ್ತರದ ಒಂದು ಕರಿ ಕಲ್ಲು ನಿಂತಿತ್ತು. ಅದರ ಮೇಲೆ ಕುದುರೆ ಹತ್ತಿ ಕತ್ತಿ ಎತ್ತಿದ ಒಬ್ಬ ಮನುಷ್ಯ. ಓದಿದವರು ವೀರಗಲ್ಲು ಎನ್ನುತ್ತಾರೆ, ನಮ್ಮ ಮನೆಯಲ್ಲಿ ಕುದುರಿ ಮುತ್ಯಾ, ಕುದುರೆಯ ಅಜ್ಜ. ದನ ಹೊಡೆದುಕೊಂಡು ಹೋಗಲು ಬಂದ ಕಳ್ಳರನ್ನು ತಡೆದು ಪ್ರಾಣ ಬಿಟ್ಟವನಂತೆ, ಏಟು ಬಿದ್ದರೂ ನೆಲಕ್ಕೆ ಬೀಳದೆ ನಿಂತೇ ಸತ್ತನಂತೆ. ಎಳ್ಳಮಾವಾಸ್ಯೆಯ ದಿನ ಹೊಲದ ತುಂಬ ಚರಗದ ಅನ್ನ ಚೆಲ್ಲುವ ಮೊದಲು ಅವನಿಗೆ ಎಡೆ. ಅಜ್ಜಿ ಅವನ ಮೈಗೆ ಎಣ್ಣೆ ತಿಕ್ಕಿ, ಒಡೆದುಹೋಗಿದ್ದ ಕುದುರೆಯ ಕಿವಿಗೆ ಬೆಣ್ಣೆ ಮೆತ್ತಿ, ಸಜ್ಜೆ ಕಡುಬು ಇಡುತ್ತಿದ್ದಳು. ಮುತ್ಯಾನಿಗೂ ನಮ್ಮ ಮನೆತನಕ್ಕೂ ಒಂದು ಕಟ್ಟುಪಾಡಿತ್ತು. ಅವನು ನಿಂತಿರುವವರೆಗೆ ಹೊಲ ಕಾಯುತ್ತಾನೆ, ನಾವು ಎಡೆ ತಪ್ಪಿಸಬಾರದು. ಯಾವತ್ತಾದರೂ ಮಲಗಿದನೆಂದರೆ ಋಣ ಹರಿಯಿತು ಎಂದರ್ಥ. ಮನೆಯಲ್ಲಿ ಹಿರಿಯರೊಬ್ಬರು ಹೋದಂತೆ ತಲೆ ಮೇಲೆ ನೀರು ಸುರಿದುಕೊಂಡು ಎಡೆಯನ್ನು ಅಲ್ಲಿಗೇ ನಿಲ್ಲಿಸಬೇಕು.

ನಾನು ಇನ್ನೂ ಸಣ್ಣವಳಿದ್ದಾಗ ಮ್ಯೂಸಿಯಂನವರು ಬಂದು, ಬಹಳ ಹಳೆಯ ಕಲ್ಲು, ಹೊಲದಲ್ಲಿದ್ದರೆ ಹಾಳಾಗುತ್ತದೆ ಎಂದು ಹೇಳಿ ಅದನ್ನು ಟ್ರ್ಯಾಕ್ಟರಿನಲ್ಲಿ ಒಯ್ದರು. ಒಳ್ಳೆಯವರೇ, ಕೈ ಮುಗಿದೇ ಎತ್ತಿದರಂತೆ. ಆದರೆ ಟ್ರ್ಯಾಕ್ಟರಿನಲ್ಲಿ ನಿಲ್ಲಿಸಿ ಒಯ್ಯಲು ಆಗುತ್ತದೆಯೇ, ಹುಲ್ಲು ಹಾಸಿ ಮಲಗಿಸಿದರು. ಅಜ್ಜಿಯ ಕಣ್ಣಿಗೆ ಕಡೆಗೆ ಬಿದ್ದದ್ದು ಅದೇ. ಅಂದಿನಿಂದ ಅವಳಿಗೆ ಒಂದೇ ಚಿಂತೆ. ದಾರಿಯುದ್ದಕ್ಕೂ ಮಲಗಿಸಿದ್ದು ಪ್ರಯಾಣಕ್ಕೆಂದು ಇಟ್ಟುಕೊಂಡರೂ, ಅಲ್ಲಿ ಹೋದ ಮೇಲೆ ನಿಲ್ಲಿಸಿದ್ದಾರೋ ಇಲ್ಲವೋ? ನಿಲ್ಲಿಸಿರಬೇಕು ಎಂಬ ನಂಬಿಕೆಯ ಮೇಲೆ ಪ್ರತಿ ಎಳ್ಳಮಾವಾಸ್ಯೆಗೆ ಆ ಖಾಲಿ ಗುಂಡಿಯ ಅಂಚಿಗೇ ಎಡೆ ಇಟ್ಟು ಬರುತ್ತಿದ್ದಳು. ಅಪ್ಪ, ಕಾಕಾ ನಗುತ್ತಿದ್ದರು. ಅವರ ನಗೆಗೆ ಅವಳು ಸೊಪ್ಪು ಹಾಕಲಿಲ್ಲ. ಬಸ್ಸು ಹತ್ತಿದರೆ ತಲೆ ತಿರುಗಿ ಬೀಳುವವಳು, ಮಾನ್ವಿಯ ಆಚೆಗೆ ಹೋದವಳಲ್ಲ...

ಅವಳು ನನ್ನ ಪಕ್ಕ ಕೂತು ಹೇಳಿದ್ದು ಇಷ್ಟೇ: "ಯವ್ವಾ, ನೀ ಅಲ್ಲೇ ಹೊಂಟೀಯಲ್ಲ. ಮುತ್ಯಾ ನಿಂತಾನೋ, ಮಲಗ್ಯಾನೋ, ಅಷ್ಟ ನೋಡಿಕೊಂಡು ಬಾ. ಬ್ಯಾರೆ ಏನೂ ಬ್ಯಾಡ ನನಗ."

ಬೆಳಿಗ್ಗೆ ಬಸ್ಸು ಹೊರಟಿತು. ರಾಯಚೂರು ಬರುವವರೆಗೂ ನಾನು ಬೇರೆ ಏನನ್ನೂ ಯೋಚಿಸಲಿಲ್ಲ. ಮ್ಯೂಸಿಯಂ ಅಂಗಳದಲ್ಲಿ ಇಳಿಸಿ, ಎರಡು ಸೀಟಿ ಊದಿ, ಗೇಟಿನ ಕಡೆ ಮುಖ ಮಾಡಿ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಸಾಹೇಬರು ದೇವದುರ್ಗಕ್ಕೆ ಹೋಗಿದ್ದಾರೆ, ಅಲ್ಲಿಂದ ನೇರ ಇಲ್ಲಿಗೇ ಬರುತ್ತಾರೆ, ಬಂದ ಮೇಲೆಯೇ ಒಳಗೆ ಪ್ರವೇಶ ಎಂದರು. ತಾವು ನಮ್ಮೆದುರಿಗೆ, ನಮ್ಮ ಕಡೆ ಮುಖ ಮಾಡಿ ನಿಂತರು. ಚಳಿಗಾಲ ಎನ್ನುವುದು ಕ್ಯಾಲೆಂಡರಿನ ಮಾತು, ರಾಯಚೂರಿನ ಬಿಸಿಲಿಗೆ ಅದು ಗೊತ್ತಿಲ್ಲ. ಹೊತ್ತು ನೆತ್ತಿಗೆ ಬಂತು. ಬೂಟಿನೊಳಗೆ ತುರುಕಿದ ಹತ್ತಿ ಬೆವರಿಗೆ ಒದ್ದೆಯಾಯಿತು. ನಡುವೆ ಅವರು ಅಂಗಳದ ಮೂಲೆಯಲ್ಲಿದ್ದ ಆಫೀಸಿನ ಕೋಣೆಯೊಳಗೆ ಹೋಗಿ ಚಹಾ ಕುಡಿದು ಬಾಯಿ ಒರೆಸಿಕೊಳ್ಳುತ್ತ ಬಂದರು. ನಮಗೆ ನೀರಿಗೂ ಸಾಲು ಬಿಡಗೊಡಲಿಲ್ಲ, ಸಾಹೇಬರು ಬಂದಾಗ ಸಾಲು ಮುರಿದಿದ್ದರೆ ಏನು ಗತಿ ಎಂದು.

ನಾವು ಇಳಿಯುವಾಗ ನನ್ನ ಕಣ್ಣಿಗೊಂದು ಬಿದ್ದಿತ್ತು. ನಮ್ಮ ಬೆನ್ನ ಹಿಂದಿನ ಗೋಡೆಗುಂಟ ಕರಿ ಕಲ್ಲುಗಳಿದ್ದವು. ಸರಿಯಾಗಿ ಕಾಣುವಷ್ಟರಲ್ಲಿ ಸೀಟಿ ಊದಿ ಈ ಕಡೆ ತಿರುಗಿಸಿದ್ದರು. ಅಷ್ಟು ಹೊತ್ತು ನಿಂತು ನಿಂತು ನನಗೆ ತಡೆಯದಾಯಿತು. ಮೆಲ್ಲಗೆ ಕುತ್ತಿಗೆ ಹೊರಳಿಸಿದೆ. ಅರ್ಧ ಹೊರಳಿತ್ತೋ ಇಲ್ಲವೋ, ನನ್ನ ಗದ್ದ ಅವರ ಬೆರಳುಗಳ ನಡುವೆ ಇತ್ತು. "ಕುತಿಗಿ!" ಎಂದು ಹಿಂಡಿ ಮುಂದಕ್ಕೆ ತಿರುಗಿಸಿದರು.

"ಸರ, ನಮ್ಮ ಮುತ್ಯಾನ ಕಲ್ಲು ಅದರಿ ಇಲ್ಲಿ, ನೋಡಿ ಬಾ ಅಂತ ನಮ್ಮಜ್ಜಿ..." ಎಂದೆ. ಅಳು ಬಂದುಬಿಟ್ಟಿತ್ತು.

"ನಾವಿಲ್ಲಿ ಕಲ್ಲು ನೋಡಾಕ ಬಂದಿಲ್ಲ" ಎಂದರು ಹೆಡ್‌ಮಾಸ್ತರರು.

ಈ ಮಾತನ್ನು ಆ ಪುಸ್ತಕದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ಮ್ಯೂಸಿಯಂ ಅಂಗಳದಲ್ಲಿ ನಿಂತು ಇತಿಹಾಸದ ಮಾಸ್ತರೊಬ್ಬರು ಆಡಿದ ಮಾತು.

ಸಾಹೇಬರ ಜೀಪು ಮಧ್ಯಾಹ್ನ ದಾಟಿದ ಮೇಲೆ ಬಂತು. ಪಾಪ, ಅವರದೇನೂ ತಪ್ಪಿಲ್ಲ, ದಣಿದ ಮನುಷ್ಯ. ಇಳಿದವರೇ ನಮ್ಮ ಸಾಲನ್ನು ನೋಡಿ, "ಏನ್ ಮಕ್ಕಳಾ, ಎಲ್ಲಾ ನೋಡಿದ್ರೇನು?" ಎಂದು ಕೇಳಿದರು. ನಾವಿನ್ನೂ ಒಳಗೆ ಹೋಗಿಲ್ಲ ಎಂದು ಹೆಡ್‌ಮಾಸ್ತರರು ಹೇಳಬಹುದಿತ್ತು. ಅವರು ಉದ್ದ ಸೀಟಿ ಊದಿದರು. ನಾವೆಲ್ಲ ತಲೆಯಾಡಿಸಿದೆವು. ಕಂಠಪಾಠ ಮಾಡಿಸಿದ್ದು ತಾನಾಗಿ ಬಾಯಿಗೆ ಬಂತು: "ನಮ್ಮ ನಾಡಿನ ಭವ್ಯ ಪರಂಪರೆಯನ್ನು ನೋಡಿ ಪುಳಕಿತರಾದೆವು ಸಾರ್!" ಹಸಿದ ಹೊಟ್ಟೆಯಲ್ಲಿ ಅಷ್ಟು ಜೋರಾಗಿ ಪುಳಕಿತರಾದವರು ಇನ್ನೊಬ್ಬರಿರಲಿಕ್ಕಿಲ್ಲ. ಸಾಹೇಬರು ಭೇಷ್ ಎಂದರು. ಫೋಟೋ ಆಯಿತು. ಬರೆದಿಟ್ಟ ಪ್ರಬಂಧಗಳನ್ನು ಹೆಡ್‌ಮಾಸ್ತರರು ಎರಡೂ ಕೈಯಲ್ಲಿ ಒಪ್ಪಿಸಿದರು. ಜೀಪು ಹೋಯಿತು.

ಇನ್ನಾದರೂ ಒಳಗೆ ಕರೆದೊಯ್ಯುತ್ತಾರೆ ಎಂದು ನಾವು ಕಾದೆವು. ಬಸ್ಸಿನವನು ಆಗಲೇ ಹಾರ್ನ್ ಒತ್ತುತ್ತಿದ್ದ, ಸಂಜೆಗೆ ಅವನಿಗೆ ಮಾನ್ವಿಯಲ್ಲಿ ಮದುವೆ ದಿಬ್ಬಣವಿತ್ತಂತೆ. ಒಂದು ಸೀಟಿ ಕೇಳಿಸಿತು. ಸಾಲು ಬಸ್ಸಿನ ಕಡೆ ನಡೆಯಿತು. "ಒಳಗ ಹೋ‌ಗಂಗಿಲ್ಲೇನ್ರಿ ಸರ?" ಎಂದು ಯಾರೋ ಕೇಳಿದರು.

"ಪ್ರಬಂಧ ಬರದೀರಿಲ್ಲ? ಮತ್ತೇನು?"

ನಾನು ಬಸ್ಸಿನ ಕಿಟಕಿಗೆ ಮುಖ ಒತ್ತಿ ನೋಡಿದೆ. ಬಸ್ಸು ತಿರುಗುವಾಗ ಗೋಡೆ ಕಂಡಿತು, ಕಲ್ಲುಗಳು ಕಾಣುವಷ್ಟರಲ್ಲಿ ಒಂದು ಲಾರಿ ಅಡ್ಡ ಬಂತು.

ಮನೆಗೆ ಬಂದಾಗ ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಳು. ನೋಡಾಕ ಬಿಡಲಿಲ್ಲ ಎಂದು ಅವಳ ಮಡಿಲಲ್ಲಿ ಮುಖವಿಟ್ಟು ಅತ್ತೆ. "ಅಳಬ್ಯಾಡ ತಗೋ. ನೀ ಸಣ್ಣಾಕಿ. ನಿಮ್ಮ ಮಾಸ್ತರ ನೋಡಿರತಾರ, ಅವರಿಗೇ ಕೇಳತೀನಿ" ಎಂದಳು. ಓದಿದವರು, ಊರಿಗೆ ಬುದ್ಧಿ ಹೇಳುವವರು, ಇಷ್ಟು ದೂರ ಹೋಗಿ ನೋಡದೆ ಬರುತ್ತಾರೆಯೇ? ಅವಳಿಗೆ ಅನುಮಾನವೇ ಬರಲಿಲ್ಲ.

ಮರುದಿನ ತೊಳೆದಿಟ್ಟ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು ಶಾಲೆಗೆ ಬಂದಳು. ಹೆಡ್‌ಮಾಸ್ತರರು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಿಂದಿನ ದಿನದ ಗೆಲುವಿನಲ್ಲಿ ಮುಖ ಊದಿತ್ತು. ಅಜ್ಜಿ ಮೆಟ್ಟಿಲ ಕೆಳಗೇ ನಿಂತು ಕೈ ಮುಗಿದಳು.

"ಯಪ್ಪಾ, ಒಂದ ಮಾತು ಕೇಳತೀನ್ರಿ. ನಮ್ಮ ಹೊಲದಾಗಿನ ಕಲ್ಲು ಅಲ್ಲಿ ಅದರಿ. ಕುದುರಿ ಮ್ಯಾಲ ಕುಂತಾನ. ನೀವು ನೋಡೀರೇನ್ರಿ?"

"ನೋಡಲಾರದ ಬರತೀನೇನವ್ವಾ? ನೋಡೀನಿ."

"ನಿಲ್ಲಿಸ್ಯಾರೋ, ಮಲಗಿಸ್ಯಾರೋ?"

ಹೆಡ್‌ಮಾಸ್ತರರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಆ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದೆ. ಮುದುಕಿಗೆ ಒಂದು ದೊಡ್ಡ ಸಂತೋಷ ಕೊಡುತ್ತಿದ್ದೇನೆ ಎಂಬ ಔದಾರ್ಯ ಅದರ ತುಂಬ ಹರಿಯುತ್ತಿತ್ತು. "ಸಾದಾ ಇಟ್ಟಾರಂತ ತಿಳದೀಯೇನು? ದೊಡ್ಡ ಗಾಜಿನ ಪೆಟಿಗ್ಯಾಗ ಕೆಂಪು ಮಖಮಲ್ ಹಾಸಿ, ಅದರ ಮ್ಯಾಲ ಅಂಗಾತ ಮಲಗಿಸ್ಯಾರ. ರಾಜನ್ನ ಮಲಗಿಸಿದಂಗ! ನಿಮ್ಮ ಹೊಲದಾಗ ಎಮ್ಮಿ ಮೈ ತಿಕ್ಕತಿದ್ವು, ಅಲ್ಲಿ ಮಖಮಲ್!"

"ಮಲಗಿಸ್ಯಾರ?" ಅಜ್ಜಿ ಇನ್ನೊಮ್ಮೆ ಕೇಳಿದಳು.

"ಮಲಗಿಸ್ಯಾರ ಅಂದೆನಲ್ಲ."

"ಆತು ಬಿಡ್ರಿ" ಎಂದು ಅಜ್ಜಿ ಮತ್ತೆ ಕೈ ಮುಗಿದು ತಿರುಗಿದಳು. ನಾನು ತರಗತಿಯ ಬಾಗಿಲಲ್ಲಿ ನಿಂತಿದ್ದೆ, ನನ್ನನ್ನು ನೋಡಲೂ ಇಲ್ಲ. ಆಫೀಸಿನ ಒಳಗೆ ಹೋಗಿದ್ದವರು ಅವರೊಬ್ಬರೇ ಅಲ್ಲವೇ, ಅಲ್ಲಿಂದ ಕಂಡಿರಬಹುದು ಎಂದು ನಾನೂ ನಂಬಿದೆ.

ಸಾಯಂಕಾಲ ನಾನು ಮನೆಗೆ ಬರುವಷ್ಟರಲ್ಲಿ ಅವಳು ತಲೆ ಮೇಲೆ ನೀರು ಹಾಕಿಕೊಂಡು ಒದ್ದೆ ಕೂದಲು ಬಿಟ್ಟುಕೊಂಡು ಕೂತಿದ್ದಳು. ಮುತ್ಯಾನಿಗೆಂದೇ ಬೇರೆ ಇಟ್ಟಿದ್ದ ಎಣ್ಣೆಯ ಬಟ್ಟಲನ್ನು ತೊಳೆದು ಬೋರಲು ಹಾಕಿದ್ದಳು. ಅಪ್ಪ ಏನು ಹೇಳಿದರೂ ಆ ರಾತ್ರಿ ಊಟ ಮಾಡಲಿಲ್ಲ. ಮುಂದಿನ ತಿಂಗಳು ಎಳ್ಳಮಾವಾಸ್ಯೆ ಬಂತು. ಬಂಡಿ ಹೂಡಿ, ಬುಟ್ಟಿ ಏರಿಸಿ ಎಲ್ಲರೂ ಹೊರಟೆವು. ಅಜ್ಜಿ ಹೊಸ್ತಿಲಲ್ಲೇ ನಿಂತಳು. "ನಂದೇನು ಕೆಲಸ ಅದ ಅಲ್ಲಿ? ನೀವು ಹೋಗಿ ಬರ್ರಿ" ಎಂದಳು. ಅದರ ಮುಂದಿನ ವರ್ಷವೂ ಹಾಗೇ ಅಂದಳು. ಆಮೇಲಿನ ಎಳ್ಳಮಾವಾಸ್ಯೆಗೆ ಅವಳೇ ಇರಲಿಲ್ಲ.

ಹೆಡ್‌ಮಾಸ್ತರರಿಗೆ ಮಾತ್ರ ಆ ಬೇಸಿಗೆಯಲ್ಲೇ ರಾಯಚೂರಿಗೆ ವರ್ಗವಾಯಿತು. ಊರವರು ಹಾರ ಹಾಕಿ ಕಳಿಸಿದರು. ಬಸ್ಸು ಹತ್ತುವ ಮೊದಲು ಕರವಸ್ತ್ರ ತೆಗೆದು ನಮ್ಮೂರ ಧೂಳನ್ನು ಕಡೆಯ ಸಲ ಒರೆಸಿಕೊಂಡರು...

ತರಬೇತಿಗೆಂದು ರಾಯಚೂರಿಗೆ ಬಂದ ಮೇಲೂ ನಾನು ಬಹಳ ದಿನ ಮ್ಯೂಸಿಯಂ ಕಡೆ ಕಾಲಿಡಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಅಂಗಾತ ಬಿದ್ದ ಮುತ್ಯಾನನ್ನು ನೋಡುವ ಧೈರ್ಯ ನನಗಿರಲಿಲ್ಲ. ಕಡೆಗೆ ಗೆಳತಿಯರು ಎಳೆದುಕೊಂಡು ಹೋದರು. ಒಳಗೆಲ್ಲ ಸುತ್ತಿದೆ. ಚಿನ್ನದ ಸಿಂಹಾಸನ ಇರಲಿಲ್ಲ, ಮಖಮಲ್ ಹಾಸಿದ ಪೆಟ್ಟಿಗೆಯೂ ಇರಲಿಲ್ಲ. ಬಾಗಿಲಲ್ಲಿದ್ದವರನ್ನು ಕೇಳಿದರೆ ಅವರು ನಕ್ಕುಬಿಟ್ಟರು. "ಕಲ್ಲಿಗೆ ಯಾರು ಮಖಮಲ್ ಹಾಸತಾರ್ರಿ ಅಕ್ಕಾರ? ಇಂಥಾ ಕಲ್ಲೆಲ್ಲಾ ತಂದಾಗಿಂದ ಹೊರಗ ಗ್ವಾಡಿಗುಂಟ ನಿಲ್ಲಿಸೀವಿ" ಎಂದರು.

ಮುತ್ಯಾ ಗೋಡೆಗುಂಟ ಬೇವಿನ ನೆರಳಿನಲ್ಲಿದ್ದ. ಗಚ್ಚಿನ ಕಟ್ಟೆಯ ಮೇಲೆ, ನೆಟ್ಟಗೆ. ಕುದುರೆಯ ಒಡೆದ ಕಿವಿಯನ್ನು ಮುಟ್ಟಿ ನೋಡಿದೆ. ಅಷ್ಟು ವರ್ಷ ಎಣ್ಣೆ ಕುಡಿದ ಕಲ್ಲು ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಆದರೆ ನಿಂತಿದ್ದ. ತಂದ ದಿನದಿಂದ ನಿಂತೇ ಇದ್ದ. ನಾನು ತಿರುಗಿ ಅಂಗಳ ನೋಡಿದೆ. ನಾವು ಸಾಲಾಗಿ ನಿಂತಿದ್ದ ಜಾಗ ಅಲ್ಲೇ, ಎದುರಿಗೆ. ಬೆನ್ನು ಅವನ ಕಡೆ ಇದ್ದದ್ದು ನಮ್ಮದು. ಹೆಡ್‌ಮಾಸ್ತರರು ನಮ್ಮ ಕಡೆ ಮುಖ ಮಾಡಿ ನಿಂತಿದ್ದರು. ಅಂದರೆ ಇಡೀ ಮುಂಜಾನೆ, ನಮ್ಮ ತಲೆಗಳ ಮೇಲಿಂದ, ಅವರು ಮುತ್ಯಾನನ್ನೇ ನೋಡುತ್ತಿದ್ದರು. ಕಣ್ಣ ಮುಂದಿದ್ದದ್ದು ಕಾಣಲಿಲ್ಲ, ಇಲ್ಲದ ಮಖಮಲ್ಲಿನ ಬಣ್ಣ ಕೂಡ ಕಂಡಿತು. ಎಂಥ ಕಣ್ಣು!

ಕೆಲವು ವರ್ಷಗಳ ಮೇಲೆ ಮಾನ್ವಿಯ ಒಂದು ಮದುವೆಯಲ್ಲಿ ಅವರು ಸಿಕ್ಕರು. ನಿವೃತ್ತರಾಗಿದ್ದರು, ಗಂಜಿ ಹಾಕಿದ ಅಂಗಿ ಹಾಗೇ ಇತ್ತು. ನಮಸ್ಕಾರ ಮಾಡಿ, "ಸರ, ಕುದುರಿ ಮುತ್ಯಾ ನಿಂತಾನ್ರಿ" ಎಂದೆ.

"ಯಾವ ಮುತ್ಯಾ?"

ಹೇಳಿದೆ. ಅಜ್ಜಿ ಬಂದದ್ದು, ಕೇಳಿದ್ದು, ಅವರು ಕೊಟ್ಟ ಉತ್ತರ, ಬೋರಲು ಹಾಕಿದ ಬಟ್ಟಲು, ಎಲ್ಲ ಹೇಳಿದೆ. ಅವರು ನೆನಪು ಮಾಡಿಕೊಳ್ಳುವವರಂತೆ ಹುಬ್ಬು ಗಂಟಿಕ್ಕಿ, ಆಮೇಲೆ ಮುಖವರಳಿಸಿದರು. "ಹಾಂ ಹಾಂ, ಸಾಹೇಬರು ಬಂದಿದ್ದ ದಿನಲ್ಲ? ಆ ಫೋಟೋ ಇನ್ನಾ ನಮ್ಮ ಮನಿ ಪಡಸಾಲ್ಯಾಗ ಅದ. ಎಂಥಾ ಸಾಲು ನಿಂತಿದ್ರಿ ಆವತ್ತು! ಒಂದ ಕುತಿಗಿ ಹೊಳ್ಳಿಲ್ಲ ನೋಡು" ಎಂದರು. ಆ ಫೋಟೋದಲ್ಲಿ ನಮ್ಮ ಬೆನ್ನ ಹಿಂದೆ ಏನೇನು ಕಾಣುತ್ತದೋ, ನೋಡಲು ನಾನು ಅವರ ಮನೆಗೆ ಹೋಗಲಿಲ್ಲ. ಅಜ್ಜಿಯನ್ನು ನೋಯಿಸಬೇಕೆಂದು ಸುಳ್ಳು ಹೇಳಿದ್ದರೆ ದ್ವೇಷಿಸಬಹುದಿತ್ತು. ಇವರು ತಮಗೆ ಒಂದು ಸಂಗತಿ ತಿಳಿಯದು ಎಂದು ಒಬ್ಬ ಮುದುಕಿಯ ಮುಂದೆ ಒಪ್ಪಿಕೊಳ್ಳಲಾರದೆ ಬಾಯಿಗೆ ಬಂದದ್ದು ಅಂದವರು. ದ್ವೇಷಕ್ಕೂ ಒಂದು ಯೋಗ್ಯತೆ ಬೇಕಲ್ಲ! ಊಟದ ಪಂಕ್ತಿಯಲ್ಲಿ ಅವರ ಪಕ್ಕದ ಎಲೆ ಖಾಲಿ ಇತ್ತು, ನಾನು ಬೇರೆ ಸಾಲಿಗೆ ಹೋಗಿ ಕೂತೆ.

ಈಗ ಅವರಿಲ್ಲ. ಅವರ ಪುಸ್ತಕದವರು ಇನ್ನೊಮ್ಮೆ ಫೋನ್ ಮಾಡಿದರೆ ಇದನ್ನೇ ಕಳಿಸುತ್ತೇನೆ, ಹಾಕಿಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು. ಇಷ್ಟು ವರ್ಷ ಕಳೆದರೂ ನನ್ನ ಸಿಟ್ಟು ತಣ್ಣಗಾಗಿಲ್ಲ, ಆಗಬೇಕೆಂದು ನನಗೆ ಆಸೆಯೂ ಇಲ್ಲ.

ಸೋಮವಾರ ಸಂಜೆ ಮಗಳು ಮ್ಯೂಸಿಯಂನಿಂದ ಬಂದಳು. ಮುತ್ಯಾನ ವಿಷಯ ನಾನು ಅವಳಿಗೆ ಯಾವತ್ತೂ ಹೇಳಿದವಳಲ್ಲ. ಚೀಲ ಮೂಲೆಗೆ ಒಗೆದವಳೇ ಮೂಗು ಮುರಿದಳು. "ನಮ್ಮ ಹೊಸಾ ಮಿಸ್‌ಗೆ ಏನೂ ಬರಂಗಿಲ್ಲ ಮಮ್ಮಿ."

"ಯಾಕ, ಏನಾತು?"

"ಹೊರಗ ಒಂದು ಕಲ್ಲು ಅದ. ಕುದುರಿ ಮ್ಯಾಲ ಒಬ್ಬ ಕುಂತಾನ, ಕತ್ತಿ ಹಿಡಕೊಂಡು. ಇಂವ ಯಾರು ಮಿಸ್ ಅಂತ ಕೇಳಿದೆ. 'ನನಗ ಗೊತ್ತಿಲ್ಲ ಪುಟ್ಟಾ, ಬಾ, ಯಾರಿಗರ ಕೇಳೋಣು' ಅಂದ್ರು. ಎಲ್ಲಾರ ಮುಂದ! ಮಿಸ್ ಆಗಿ ಹಂಗ ಅಂತಾರೇನು?"

ಆ ತಿರಸ್ಕಾರದ ದನಿ ನನ್ನದೇ, ನನ್ನಿಂದಲೇ ಅವಳಿಗೆ ಬಂದದ್ದು. ನಿಮ್ಮ ಮಿಸ್ ಬಹಳ ದೊಡ್ಡವರು ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಭುಜ ಹಾರಿಸಿ ಒಳಗೆ ಹೋದಳು. ಆ ಹುಡುಗಿ ಟೀಚರನ್ನು ನಾನಿನ್ನೂ ನೋಡಿಲ್ಲ, ಕಂಡಾಗ ಕೈ ಮುಗಿಯುತ್ತೇನೆ. 'ಗೊತ್ತಿಲ್ಲವ್ವಾ' ಎಂಬ ಒಂದೇ ಮಾತು. ಆ ದಿನ ಶಾಲೆಯ ಮೆಟ್ಟಿಲಲ್ಲಿ ನನ್ನ ಅಜ್ಜಿಗೆ ಅಷ್ಟು ಸಿಕ್ಕಿದ್ದರೆ ಸಾಕಾಗಿತ್ತು. ನಂಬಿಕೆಯ ಮೇಲೆ ಎಡೆ ಹೊತ್ತು ಇನ್ನೆರಡು ಸಲ ಹೊಲಕ್ಕೆ ಹೋಗಿ ಬಂದು, ಆಮೇಲೆ ಸಾಯುತ್ತಿದ್ದಳು. ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯಲು ನಿಂತೆ. ಕಣ್ಣಲ್ಲಿ ನೀರು ಬಂದದ್ದು ಹೊಗೆಗೆ ಎನ್ನೋಣವೆಂದರೆ, ನಮ್ಮ ಮನೆಯಲ್ಲಿರುವುದು ಗ್ಯಾಸು.